ಕಚೇರಿ ಆವಾರದಾಗ ಒಣಗಿದ ದೋಣಿ

ನೌಕರಿಯೊಳಗ ನೀ ಏನೇನು ಜಪ್ತಿ ಮಾಡಿದಿ ಅಜ್ಜಾ ಅಂತ ಮೊಮ್ಮಕ್ಕಳು ಕೇಳತಾವ. ಎಮ್ಮಿ, ಬಂಡಿ, ತಾಮ್ರದ ಹಂಡೆ, ಒಮ್ಮೆ ಒಂದು ಕುಂಟ ಕುದುರಿ. ಅವು ನಗಲಿ ಅಂತ ಕುದುರಿ ಕತಿ ಹೇಳತೀನಿ. ದೋಣಿದು ಹೇಳಂಗಿಲ್ಲ. ಇವತ್ತು ಬರೀಲಿಕ್ಕೆ ಕುಂತೀನಿ, ಯಾಕಂದ್ರ ಬರಿಯೋದೊಂದ ನನಗ ಛಲೋ ಬರ್ತದ. ಆ ಬರಿಯೋದರಿಂದನ ಎಲ್ಲಾ ಕೆಟ್ಟಿತು ಅನ್ನೋದೂ ಖರೆ.

ಆಗ ಊರಿಗೆ ಬಸವಕಲ್ಯಾಣ ಅನ್ನೋ ಹೆಸರು ಇನ್ನಾ ಬಂದಿರಲಿಲ್ಲ, ಕಲ್ಯಾಣ ಅಂತಿದ್ವಿ. ನಿಜಾಮರ ರಾಜ್ಯ ಹೋದ ಮ್ಯಾಲ ಬಂದ ಎರಡನೇ ಬ್ಯಾಸಗಿ ಅದು. ಮ್ಯಾಲಿನ ಸಾಹೇಬರು ಬದಲಾಗಿದ್ರು, ದಫ್ತರ ಮಾತ್ರ ಇನ್ನಾ ಉರ್ದುವಿನಾಗ ನಡದಿತ್ತು. ನಾ ಹುಮನಾಬಾದದಾಗ ಸಾಲಿ ಕಲತಾಂವ, ಉರ್ದು ನೀರು ಕುಡದಂಗ ಬರ್ತಿತ್ತು, ಅದಕ್ಕ ಕಲ್ಯಾಣದಾಗ ಮುನ್ಶಿ ಕೆಲಸ ಸಿಕ್ಕಿತು. ಒಂದು ಕರೇ ಕೋಟು ಹೊಲಿಸಿದ್ದೆ. ಅಪ್ಪ ಘಾಟಬೋರಾಳದಾಗ ಹೊಲ ಮಾಡ್ತಿದ್ದ. ಅವ ಸಂತಿ ದಿನ ಬಂಡಿ ಹೂಡಿಕೊಂಡು ಕಲ್ಯಾಣಕ್ಕ ಬಂದ್ರ ನಾ ಅವನ್ನ ಕಚೇರಿ ಮುಂದ ನಿಲ್ಲಬ್ಯಾಡ ಅಂತಿದ್ದೆ. ಕೋಟು ಹಾಕ್ಕೊಂಡ ಮಗಗ ಸೆಗಣಿ ವಾಸನಿ ಬಡೀತದ ಅಂತ ಅಷ್ಟು ಸೊಕ್ಕು. ಅಪ್ಪ ಬಂಡಿ ಮುಂದಕ್ಕ ಹೊಡಕೊಂಡು ಹೋಗ್ತಿದ್ದ.

ಕಲ್ಯಾಣದ ಕೆರಿ ದೊಡ್ಡದು. ಹಿಂದೊಮ್ಮೆ ಮದುವಿ ಮಂದಿ ಮೋಜಿಗೆ ಅಂತ ದೋಣಿ ತುಂಬ ಕುಂತು, ನಡು ನೀರಾಗ ಮಗಚಿ ಜೀವ ಹೋಗಿದ್ವಂತ. ಆವಾಗಿಂದ ಮೋಜಿನ ದೋಣಿಗೆ ಒಂದು ಹುಕುಂ ಇತ್ತು. ದೀಪ ಹಚ್ಚೋ ಹೊತ್ತಿನ ಮ್ಯಾಲ ದೋಣಿ ನೀರಾಗ ನಡಸಬಾರದು, ನಾಲ್ಕು ಮಂದಿಕಿಂತ ಹೆಚ್ಚು ಕೂಡಬಾರದು. ತಪ್ಪಿದ್ರ, ಯಾರ ಕೈಯಾಗಿದ್ರೂ ದೋಣಿ ಜಪ್ತಿ. ಮಾಲಕಗ ಗೊತ್ತಿಲ್ಲದ ಯಾರರೆ ಒಯ್ದಿದ್ರ, ಮಾಲಕ ಅರ್ಜಿ ಹಾಕಿ ಹುಮನಾಬಾದದಾಗಿನ ಸಾಹೇಬರ ಮುಂದ ಸಾಬೀತು ಮಾಡಬೇಕು, ಆಮ್ಯಾಲ ಬಿಡುಗಡಿ. ಅಲ್ಲೀತನ ಮಾಲು ಮೊಹರು ಹಾಕಿ ಕಚೇರಿ ಆವಾರದಾಗ ಇರಬೇಕು. ಇದರ ಕೆಳಗ ಇನ್ನೊಂದು ಸಾಲಿತ್ತು, ಅದನ್ನ ಮುಂದ ಹೇಳತೀನಿ.

ಕೆರಿ ದಂಡಿ ಓಣಿಯಾಗ ಒಬ್ಬರು ಬಡಿಗರು ಇದ್ರು. ಮುಸಲ್ಮಾನರು, ಹಳೇ ಮನೆತನ. ಊರೆಲ್ಲಾ ಅವರಿಗೆ ಚಾಚಾ ಅಂತಿತ್ತು, ನಾನೂ ಅಂತಿದ್ದೆ. ಸುತ್ತಿನ ಹಳ್ಳಿಗೆಲ್ಲಾ ಬಂಡಿ ಗಾಲಿ ಮಾಡಿ ಕೊಡ್ತಿದ್ರು. ಮಕ್ಕಳಿರಲಿಲ್ಲ, ಗಂಡ ಹೆಂಡತಿ ಇಬ್ಬರ. ಹೆಂಡತಿಗೆ ದಮ್ಮಿನ ರೋಗ. ಓಣಿಯೊಳಗಿನ ಸಣ್ಣ ಮನಿ, ಮ್ಯಾಲ ಪರದಾ, ಆಕಿಗೆ ಉಸರ ಸಾಲತಿರಲಿಲ್ಲ. ಅದಕ್ಕಂತ ಚಾಚಾ ಸಾಗವಾನಿ ಹಲಗಿ ತಂದು, ಸಂದಿಗೆ ಹತ್ತಿ ತುಂಬಿ ರಾಳ ಕಾಸಿ ಹಚ್ಚಿ, ತಾವ ಒಂದು ದೋಣಿ ಮಾಡಿದ್ರು. ಶುಕ್ರವಾರ ಅಸರ್ ನಮಾಜ್ ಆದ ಮ್ಯಾಲ, ಇನ್ನಾ ಬಿಸಲಿದ್ದಾಗ, ಪರದಾ ಕಟ್ಟಿದ ಟಾಂಗಾದಾಗ ಆಕಿನ್ನ ದಂಡಿಗೆ ಕರಕೊಂಡು ಬರ್ತಿದ್ರು. ದೋಣಿ ನಡು ಕೆರಿಗೆ ಹೋಯ್ತಂದ್ರ ಆಕಿ ನಖಾಬ ಎತ್ತತಿದ್ಲು. ಮಾರಿಗೆ ಗಾಳಿ ಹತ್ತೋ ಜಾಗ ಆಕಿಗೆ ಇದ್ದದ್ದು ಅದೊಂದ. ದಂಡಿ ಮ್ಯಾಲಿನ ಅಗಸರು ಆ ಹೊತ್ತಿಗೆ ಕೆರಿಗೆ ಬೆನ್ನ ತಿರುವಿ ನಿಂತು ಬಟ್ಟಿ ಹಿಂಡತಿದ್ರು. ಹಾಂಗ ಮಾಡ್ರಿ ಅಂತ ಅವರಿಗೆ ಯಾರೂ ಹೇಳಿರಲಿಲ್ಲ.

ಹೋಳಿ ಹುಣ್ಣಿಮಿ ಆಗಿ ನಾಕೈದು ದಿನಕ್ಕ ಬ್ಯಾಡಾದ್ದು ನಡೀತು. ಪ್ಯಾಟಿ ಕಡೆ ಏಳು ಮಂದಿ ಧಡಿಯರು, ಮದುವಿ ಆದ ಗಂಡಸರು ಮತ್ತ, ಹೊತ್ತು ಮುಣಗಿದ ಮ್ಯಾಲ ಚಾಚಾರ ದೋಣಿ ಹಗ್ಗ ಬಿಚ್ಚಿಕೊಂಡು ನೀರಿಗೆ ಇಳದ್ರು. ಒದರಾಡಿ, ನಿಂತು ಕುಣದು, ದಂಡಿ ಹತ್ತರನ ಮಗಚಿ ಬಿದ್ರು. ನೀರು ಎದಿ ಮಟ್ಟ ಇತ್ತು, ಎಲ್ಲಾರೂ ಬದಕಿ ಎದ್ದು ಬಂದ್ರು. ಮರುದಿನ ಅವರು ದಂಡ ಕಟ್ಟಿ ಮನಿಗೆ ಹೋದ್ರು. ದೋಣಿ ಜಪ್ತಿ ಆತು. ಪಂಚನಾಮಾ ಬರದಾಂವ ನಾನ.

ನಾಕು ಎತ್ತಿನ ಬಂಡಿ ಮ್ಯಾಲ ದೋಣಿ ಹೇರಿಕೊಂಡು ಊರಾಗಿಂದ ತಂದ್ವಿ. ಹೆಣ್ಣುಮಕ್ಕಳು ಬಾಗಲಕ್ಕ ನಿಂತು ನೋಡತಿದ್ರು, ರಸ್ತಾದ ಮ್ಯಾಲ ದೋಣಿ ಹೋಗೋದು ಅವರು ಎಂದೂ ಕಂಡಿರಲಿಲ್ಲ. ನಾ ಮುಂದ ಮುಂದ ನಡದಿದ್ದೆ. ಕಚೇರಿ ಆವಾರದಾಗ ಬೇವಿನ ಗಿಡದ ಬುಡಕ್ಕ ಇಳಿಸಿ, ಹುಟ್ಟು ಎರಡೂ ಒಳಗಿಟ್ಟು, ಹಗ್ಗ ಸುತ್ತಿ, ಅರಗು ಕಾಸಿ ಮೊಹರು ಒತ್ತಿದೆ. ಜಪ್ತಿ ಬಂಡಿ ಹ್ಯಾಂಗ ಇಡತಿದ್ವೋ ಹಾಂಗ, ಒಣ ನೆಲದಾಗ, ಒಂದು ಹನಿ ನೀರು ತಾಕದಂಗ. ಏನು ಚಂದ ಇಟ್ಟೀನಿ ಅಂತ ಒಳಗೊಳಗ ಖುಷಿ ಪಟ್ಟೆ.

ಮೂರನೇ ದಿನ ಚಾಚಾ ಕಚೇರಿಗೆ ಬಂದ್ರು. ಆ ವರ್ಷ ಅವರ ಮಂದಿ ಕಚೇರಿಗೆ ಬಂದ್ರಂದ್ರ ದನಿ ಇಳಿಸಿ, ಗ್ವಾಡಿ ಹಿಡಕೊಂಡು ಬರ್ತಿದ್ರು. ನಿಜಾಮರ ರಾಜ್ಯ ಹೋದಾಗ ಅವರ ಮ್ಯಾಲ ಏನೇನು ನಡೀತು ಅಂತ ನಮಗೆಲ್ಲಾ ಗೊತ್ತಿತ್ತು, ಯಾರೂ ಬಾಯಿ ಬಿಟ್ಟು ಮಾತಾಡತಿರಲಿಲ್ಲ. ನನ್ನ ಮುಂದ ಬೇಮಳಖೇಡದ ಕಡೆ ಹತ್ತು ಮಂದಿ ರೈತರು ಕುಂತಿದ್ರು. ಚಾಚಾ ಅವರ ಹಿಂದ ನಿಂತು ಸಲಾಮ್ ಮಾಡಿದ್ರು.

"ಮುನ್ಶಿ ಸಾಬ್, ಒಂದು ಅರ್ಜ್ ಅದ್ರಿ. ದೋಣಿ ಜಪ್ತಿ ಆಗ್ಯಾದ, ಆಗ್ಲಿ. ಕಾಯ್ದೆಕ್ಕ ನಾ ಏನೂ ಅನ್ನಂಗಿಲ್ಲ. ಖರೆ ಅದನ್ನ ನೀರಾಗ ಇಡ್ರಿ. ಬಿಸಲಿಗೆ ಹಲಗಿ ಬಿರೀತಾವ. ನನಗ ಸುಪರ್ದಿ ಕೊಡ್ರಿ, ನನ್ನ ಮ್ಯಾಲ ಭರೋಸಾ ಇಲ್ಲಂದ್ರ ಅಗಸರ ಹಿರ್ಯಾಗ ಕೊಡ್ರಿ. ನೀರಾಗ ಕಟ್ಟಿ ಹಾಕತೀವಿ, ಯಾರೂ ಕೈ ಹಚ್ಚಂಗಿಲ್ಲ."

ಸುಪರ್ದಿ ಅಂದ್ರ ಜಪ್ತಿ ಮಾಲನ್ನ ಜವಾಬ್ದಾರಿ ಬರಿಸಿಕೊಂಡು ಒಬ್ಬರ ಕೈಯಾಗ ಕೊಡೋದು. ಹುಕುಮಿನ ಕಡೀ ಸಾಲಿನಾಗ ಅದ ಇತ್ತು: ಇಟ್ಟಲ್ಲೇ ಕೆಡೋ ಮಾಲು ಇದ್ರ ನಂಬಿಗಸ್ತರ ಸುಪರ್ದಿಗೆ ಕೊಡಬಹುದು. ಎಮ್ಮಿ ಜಪ್ತಿ ಮಾಡಿದಾಗ ನಾವು ಯಾವಾಗಲೂ ಹಾಂಗ ಮಾಡತಿದ್ವಿ, ಕಚೇರಿಯಾಗ ಎಮ್ಮಿಗೆ ಮೇವು ನೀರು ಹಾಕೋರು ಯಾರು? ನಾ ಒಂದು ಕಾಗದ ತಗೊಂಡು ನಾಕು ಸಾಲು ಗೀಚಿದ್ರ ಕೆಲಸ ಮುಗೀತಿತ್ತು.

"ಸುಪರ್ದಿ ದನಕ್ಕ, ಕಟಗಿ ಮಾಲಿಗಲ್ಲ," ಅಂದೆ.

"ದೋಣಿನೂ ನೀರು ಕುಡೀತದ್ರಿ ಸಾಬ್."

ಕುಂತ ರೈತರು ನಕ್ಕರು. ಚಾಚಾಗ ಸ್ವಲ್ಪ ಧೈರ್ಯ ಬಂತೇನೋ, ಒಂದು ಹೆಜ್ಜಿ ಮುಂದ ಬಂದ್ರು. "ನೀವು ಘಾಟಬೋರಾಳದವರಲ್ಲೇನ್ರಿ? ನಿಮ್ಮ ತಂದಿಯವರ ಬಂಡಿಗೆ ಗಾಲಿ ಕೂಡಿಸಿದಾಂವ ನಾನ. ಬ್ಯಾಸಗ್ಯಾಗ ಗಾಲಿ ಒಣಗಿ ಪಟ್ಟಿ ಸಡಲಾಗಬಾರದಂತ ನೀವ ಉಳ್ಳಿಸಿಕೋತ ಹಳ್ಳದ ನೀರಿಗೆ ಒಯ್ತಿದ್ರಿ, ನಾ ಕಣ್ಣಾರೆ ಕಂಡೀನಿ. ಇಷ್ಟ ಇದ್ರಿ." ಅಂತ ಸೊಂಟದ ಮಟ್ಟ ಕೈ ಹಿಡಿದು ತೋರಿಸಿದ್ರು. "ಚಡ್ಡಿ ಜಾರತಿತ್ತು, ಒಂದು ಕೈಲೆ ಚಡ್ಡಿ, ಒಂದು ಕೈಲೆ ಗಾಲಿ. ಇದೂ ಹಾಂಗನ ಸಾಬ್, ಕಟಗೀದು ಒಂದ ಧರ್ಮ."

ಈ ಸಲ ರೈತರು ಹೊಟ್ಟಿ ಹಿಡಕೊಂಡು ನಕ್ಕರು. ಚಾಚಾನೂ ನಕ್ಕರು, ಪ್ರೀತಿಲೆ. ಈಗ ತಿಳೀತದ ಅದು ಪ್ರೀತಿ ಅಂತ. ಆವಾಗ ನನ್ನ ಮೈಯೆಲ್ಲಾ ಉರೀತು. ಇಡೀ ಕಚೇರಿ ಮುಂದ ನನ್ನ ಕರೇ ಕೋಟು ಬಿಚ್ಚಿ ಚಡ್ಡಿ ಹಾಕಿ ನಿಲ್ಲಿಸಿದ್ರಲ್ಲಾ ಅನ್ನಿಸಿತು.

"ಏ ಮುದುಕಾ!" ಅಂದೆ. ಅಪ್ಪನ ವಯಸ್ಸಿನವರಿಗೆ ಹಾಂಗಂದೆ, ನನ್ನ ನಾಲಿಗಿ ಸುಡಲಿ. "ಇದು ಕಚೇರಿ, ನಿನ್ನ ಓಣಿ ಕಟ್ಟಿ ಅಲ್ಲ. ಕಾಯ್ದೆ ನನಗ ಕಲಸಬ್ಯಾಡ. ಆವಾರದಾಗ ಇಡಬೇಕು ಅಂತ ಬರದದ, ಇಟ್ಟೀನಿ. ಅರ್ಜಿ ಹಾಕು, ನಡಿ."

ನಗು ಒಮ್ಮೆಲೆ ನಿಂತಿತು. ಚಾಚಾರ ಕೈ ಇನ್ನಾ ಸೊಂಟದ ಮಟ್ಟನ ಇತ್ತು. ಅದನ್ನ ಮೆಲ್ಲಕ ಇಳಿಸಿದ್ರು. "ಗಲತಿ ಆತ್ರಿ ಸಾಬ್," ಅಂದ್ರು. ಹೋಗೋ ಮುಂದ ಬಾಗಲದಾಗ ನಿಂತು, "ಮನ್ಯಾನಕಿಗೆ ಈ ಬ್ಯಾಸಗಿ ಭಾಳ ತ್ರಾಸ ಆಗ್ಯಾದ್ರಿ, ಅದಕ್ಕ ಅಂದೆ," ಅಂತ ಹೇಳಿ ಹೋದ್ರು.

ಅರ್ಜಿ ಅಂತೂ ಹಾಕಿದ್ರು. ಹುಮನಾಬಾದದಾಗ ವಿಚಾರಣಿ ತಾರೀಖು ಎರಡು ಸಲ ಮುಂದಕ್ಕ ಬಿತ್ತು. ಚೈತ್ರ ಹೋತು, ವೈಶಾಖದ ಬಿಸಲು ಬಂತು. ಬೇವಿನ ಗಿಡದ ನೆರಳು ಮುಂಜಾನಿ ಅಷ್ಟ ದೋಣಿ ಮ್ಯಾಲ ಇರ್ತಿತ್ತು, ಮಧ್ಯಾಹ್ನಕ್ಕ ಸರಕೊಂಡು ಬ್ಯಾರೆ ಕಡೆ ಹೋಗ್ತಿತ್ತು. ಊಟದ ಹೊತ್ತಿಗೆ ಕಚೇರಿ ಸುಮ್ಮನ ಇದ್ದಾಗ ಆವಾರದಿಂದ ಟಕ್ ಅಂತ ಒಂದು ಸಪ್ಪಳ. ಸ್ವಲ್ಪ ಹೊತ್ತಿಗೆ ಮತ್ತೊಂದು. ಅದು ಏನು ಅಂತ ನನಗ ಗೊತ್ತಿತ್ತು. ಹಳ್ಳಿಯೊಳಗ ಹುಟ್ಟಿದಾಂವಗ ಒಣ ಕಟಗಿ ಬಿರಿಯೋ ಸಪ್ಪಳ ಗೊತ್ತಾಗಂಗಿಲ್ಲೇನು? ಆದ್ರೂ ತಲಿ ಎತ್ತದ ಬರೀತಿದ್ದೆ. ದಿನಾ ಮುಂಜಾನಿ ಹೋಗಿ ಮೊಹರು ಮಾತ್ರ ನೋಡಿ ಬರ್ತಿದ್ದೆ, ಮೊಹರು ಘಟ್ಟಿ ಇತ್ತು. ಚಾಚಾ ಶುಕ್ರವಾರಕ್ಕೊಮ್ಮೆ ಬಂದು ಗೇಟಿನ ಹೊರಗ ನಿಂತು ದೋಣಿ ನೋಡಿ ಹೋಗ್ತಿದ್ರು. ಒಳಗ ಬರಲಿಲ್ಲ.

ಒಮ್ಮೆ ರಾತ್ರಿ ಊಟಕ್ಕ ಕುಂತಾಗ ಮನಸ್ಸಿಗೆ ಹತ್ತಿತು, ನಾಳಿ ಸುಪರ್ದಿ ಬರದು ಕೊಟ್ಟುಬಿಡೋಣು ಅಂತ. ಮುಂಜಾನಿ ಕೋಟು ಹಾಕ್ಕೊಂಡ ಕೂಡಲೇ ಮತ್ತ ಆ ನಗು ಕಿವಿಯಾಗ ಬಂತು. ಈಗ ಬರದು ಕೊಟ್ರ ಮದಲಿಗೆ ಯಾಕ ಕೊಡಲಿಲ್ಲ ಅಂತಾರ, ಮುದುಕನ ಮಾತ ಖರೆ ಆಗ್ತದ. ಇರ್ಲಿ ಬಿಡು, ತೀರ್ಪು ಬರ್ತದಲ್ಲ ಅಂದೆ. ಆ ಒಂದು ಮುಂಜಾನಿ ನನಗ ಯಾರರೆ ವಾಪಸ ಕೊಟ್ರ ನಾ ಏನು ಬೇಕಾದ್ರೂ ಕೊಟ್ಟೇನು.

ಹುಮನಾಬಾದದಾಗ ವಿಚಾರಣಿ ಆದ ದಿನ ನಾ ಮಿಸಲು, ಅಂದ್ರ ಖಟ್ಲೆ ಕಾಗದದ ಕಟ್ಟು, ಹಿಡಕೊಂಡು ಹೋಗಿದ್ದೆ. ಒಂದ ಬಸ್ಸಿನಾಗ ಚಾಚಾನೂ ಬಂದ್ರು, ಹಿಂದಿನ ಸೀಟಿಗೆ ಕುಂತಿದ್ರು. ಸಾಹೇಬರು ಭಲೇ ಮನಷ್ಯಾ. ಅಗಸರ ಹಿರ್ಯಾ ಬಂದು, ಚಾಚಾ ಆ ಸಂಜಿ ಮಸೂತಿಯಾಗಿದ್ರು, ದೋಣಿ ಕದ್ದು ಒಯ್ದಾರ ಅಂತ ಸಾಕ್ಷಿ ಹೇಳಿದ. ಸಾಹೇಬರು ಅಲ್ಲೇ ಬಿಡುಗಡಿ ಹುಕುಂ ಕೊಟ್ರು. ಆಮ್ಯಾಲ ನನ್ನ ಕಡೆ ತಿರುಗಿ, "ಮಾಲು ಹ್ಯಾಂಗದ?" ಅಂದ್ರು.

"ಮೊಹರು ಸುದ್ದಾ ಅಲುಗಿಲ್ರಿ ಸಾಹೇಬ್ರ."

"ಶಾಬಾಸ್," ಅಂದ್ರು. ಚಾಚಾನ್ನ ನೋಡಿ, "ನಿಮ್ದು ಏನರೆ ಹೇಳೋದದ ಏನು?" ಅಂತ ಕೇಳಿದ್ರು.

ಚಾಚಾ ನನ್ನ ಮಾರಿ ನೋಡಿದ್ರು. "ಏನಿಲ್ಲ ಹುಜೂರ್, ಮೆಹರಬಾನಿ," ಅಂದ್ರು ಅವರು.

ಮಿರಗದ ಮಳಿ ಹತ್ತಲಿಕ್ಕೆ ವಾರ ಇದ್ದಾಗ ಚಾಚಾ ದೋಣಿ ಬಿಡಿಸಿಕೊಳ್ಳಾಕ ಬಂದ್ರು. ನಾ ಮೊಹರು ಒಡದು ಹಗ್ಗ ಬಿಚ್ಚಿದೆ. ಚಾಚಾ ಮೊಣಕಾಲೂರಿ ಕುಂತು ಹಲಗಿ ಮ್ಯಾಲ ಕೈ ಆಡಿಸಿದ್ರು, ರೋಗಿ ಮೈ ಮುಟ್ಟಿ ನೋಡಿದಂಗ. ಎರಡು ಹಲಗಿ ನಡುವ ಅವರ ಕಿರಿಬೆರಳು ಹೋತು. ಮುಂದಿನ ಹಲಗಿ ಉದ್ದಕ್ಕ ಸೀಳಿತ್ತು. ರಾಳ ಉದುರಿ ಕೆಳಗ ಬಿದ್ದಿತ್ತು.

ರಸೀದಿ ನಾ ಮದಲ ಬರದಿಟ್ಟಿದ್ದೆ: ಮಾಲು ಏನೂ ಕೆಡದ ಸಹಿಸಲಾಮತ ಮುಟ್ಟಿತು, ತಕರಾರು ಇಲ್ಲ. ಎಲ್ಲಾ ರಸೀದಿಗೂ ಅದ ಒಕ್ಕಣಿ. ಅವತ್ತ ಅದನ್ನ ಮಡಚಿ ಕೈಯಾಗ ಹಿಡಕೊಂಡ ನಿಂತೆ. "ತಕರಾರು ಬರೀಬೇಕಂದ್ರ ಬರೀಬಹುದ್ರಿ ಚಾಚಾ," ಅಂದೆ, ಸಣ್ಣ ದನಿಲೆ.

"ಬರದ್ರ ಏನಾಗ್ತದ್ರಿ?"

"ತನಿಖಿ ಆಗ್ತದ. ಅದು ಮುಗಿಯೋತನ ಮಾಲು ಇಲ್ಲೇ ಇರ್ತದ."

"ಹಂಗಾರ ಇಲ್ಲಿ ತರ್ರಿ," ಅಂತ ಕಾಗದ ಇಸಕೊಂಡು ಸಹಿ ಮಾಡಿದ್ರು. ಹುಮನಾಬಾದದಾಗ ಯಾಕ ಸುಮ್ಮನಿದ್ರು ಅಂತ ಆವಾಗ ತಿಳೀತು ನನಗ.

ಚಾಚಾ ಸೀಳಿದ ಹಲಗಿ ತೆಗದು ಬ್ಯಾರೆ ಕೂಡಿಸಿ, ಸಂದಿಗೆ ಹೊಸಾ ಹತ್ತಿ ತುಂಬಿದ್ರು. ಆಮ್ಯಾಲ ದೋಣಿ ತುಂಬ ಕಲ್ಲು ಹೇರಿ ದಂಡಿ ನೀರಾಗ ಮುಳುಗಿಸಿ ಇಟ್ರು, ಕಟಗಿ ನೀರುಂಡು ಉಬ್ಬಲಿ ಅಂತ. ಹತ್ತು ಹನ್ನೆರಡು ದಿನ ಬೇಕು ಅಂದ್ರು. ಕಚೇರಿ ಬಿಟ್ಟ ಮ್ಯಾಲ ನಾನೂ ಅಲ್ಲಿಗೆ ಹೋಗಿ ದೂರ ನಿಂದ್ರತಿದ್ದೆ. ಏನು ಮಾಡ್ಲಿ, ಮನಿಗೆ ಹೋದ್ರ ಊಟ ಸೇರತಿರಲಿಲ್ಲ.

ಆ ಶುಕ್ರವಾರ ಟಾಂಗಾ ಬಂತು. ದೋಣಿ ಬಿಡುಗಡಿ ಆಗ್ಯಾದ ಅಂತ ಕೇಳಿ ಆಕಿ ಹಟ ಹಿಡದು ಬಂದಿದ್ಲು. ಪರದಾದ ಒಳಗಿಂದ ಉಸರ ಎಳಿಯೋ ಸಪ್ಪಳ ನಾ ನಿಂತಲ್ಲಿಗೆ ಕೇಳತಿತ್ತು, ಕಮ್ಮಾರನ ತಿದಿ ಹಾಂಗ.

"ಎಲ್ಲ್ಯದ ನಮ್ಮ ಕಶ್ತಿ? ಕಾಣವಲ್ದು," ಅಂದ್ಲು.

"ನೀರು ಕುಡ್ಯಾಕತ್ತದ," ಅಂದ್ರು ಚಾಚಾ. "ಮೂರು ತಿಂಗಳಿಂದ ಹನಿ ನೀರಿಲ್ಲದ ರೋಜಾ ಹಿಡದಿತ್ತು, ಈಗ ಬಿಟ್ಟದ."

ಆಕಿ ನಕ್ಕಳು. ನಗು ಕೆಮ್ಮಾಗಿ, ಕೆಮ್ಮು ನಿಲ್ಲಲಿಲ್ಲ ಭಾಳ ಹೊತ್ತು. ನಿಂತ ಮ್ಯಾಲ, "ಯಾರು ಹಿಡಸಿದ್ರು ಅದಕ್ಕ ರೋಜಾ?" ಅಂದ್ಲು. ಚಾಚಾ ನಾ ನಿಂತ ಕಡೆ ನೋಡಲಿಲ್ಲ. "ಬಿಸಲು," ಅಂದ್ರು. "ಈ ವರ್ಷದ ಬಿಸಲು ಭಾಳ ಕೆಟ್ಟದು. ಬರೋ ಶುಕ್ರವಾರ ಹೋಗೋಣು."

"ಬರೋ ಶುಕ್ರವಾರ," ಅಂದ್ಲು ಆಕಿ.

ಬುಧವಾರ ನಸುಕಿನಾಗ ತೀರಿಕೊಂಡ್ಲು. ಸುದ್ದಿ ಕಚೇರಿಗೆ ಬಂದಾಗ ನಾ ಯಾರದೋ ಎಮ್ಮಿ ಸುಪರ್ದಿ ಬರಿಯಾಕತ್ತಿದ್ದೆ. ಲೆಕ್ಕಣಿಕಿ ಕೆಳಗಿಟ್ಟು ಆವಾರಕ್ಕ ಹೋಗಿ ಬೇವಿನ ಗಿಡದ ಬುಡಕ್ಕ ನಿಂತೆ. ದೋಣಿ ಇದ್ದ ಜಾಗದಾಗ ಹುಲ್ಲು ಸುದ್ದಾ ಹುಟ್ಟಿರಲಿಲ್ಲ, ರಾಳದ ಚೂರು ಬಿದ್ದಿದ್ವು. ನಾ ಅತ್ತೆ. ಯಾರರೆ ನೋಡ್ಯಾರು ಅಂತ ಕೋಟಿನ ತೋಳಿಲೆ ಮಾರಿ ಒರಸಿಕೊಂಡೆ. ಮಣ್ಣಿಗೆ ಹೋಗೋ ಧೈರ್ಯ ಆಗಲಿಲ್ಲ.

ಆಕಿ ನಲವತ್ತು ದಿನದ ಫಾತೇಹಾ ಆದ ಮ್ಯಾಲ ಚಾಚಾ ಒಂದಿನ ಕಚೇರಿ ಬಾಗಲಿಗೆ ಬಂದ್ರು. ಮಳಿ ಹಿಡದು ಕೆರಿ ತುಂಬಿತ್ತು. ರೈತರು ಅವತ್ತೂ ಕುಂತಿದ್ರು. ಬೈತಾರ, ಎಲ್ಲಾರ ಮುಂದ ಬೈತಾರ ಅನ್ಕೊಂಡೆ. ಬೈಲಿ ದೇವರೇ ಅಂತ ಬೇಡಿಕೊಂಡೆ.

"ಮುನ್ಶಿ ಸಾಬ್, ನಾಳಿ ಶುಕ್ರವಾರ. ಅಸರ್ ಆದ ಮ್ಯಾಲ ಕೆರಿ ದಂಡಿಗೆ ಬರ್ರಿ," ಅಂದ್ರು. ಅಷ್ಟ ಅಂದು ಹೋದ್ರು.

ಹೋದೆ. ಕೋಟು ಮನ್ಯಾಗ ಬಿಟ್ಟು ಹೋದೆ. ದೋಣಿ ನೀರಿನ ಮ್ಯಾಲ ಇತ್ತು, ಹೊಸಾ ರಾಳ ಹೊಳೀತಿತ್ತು. ಚಾಚಾ ಹುಟ್ಟು ಹಿಡಕೊಂಡು ಕುಂತಿದ್ರು. ಎದುರಿನ ಹಲಗಿ ಮ್ಯಾಲ ಒಂದು ಹಳೇ ಕೌದಿ ಮಡಚಿ ಹಾಸಿತ್ತು. "ಕೂಡ್ರಿ," ಅಂದ್ರು. ಅದು ಯಾರ ಜಾಗ ಅಂತ ಗೊತ್ತಿತ್ತು ನನಗ. ನಾ ನಿಂತೇ ಇದ್ದೆ. "ಕೂಡ್ರಿ ಸಾಬ್, ಎಷ್ಟ ಘಟ್ಟಿ ಆಗ್ಯಾದ ನೋಡ್ರಿ."

ಕುಂತೆ. ಚಾಚಾ ಹುಟ್ಟು ಹಾಕಿದ್ರು. ದಂಡಿ ಮ್ಯಾಲಿನ ಅಗಸರು ದೋಣಿ ಸಪ್ಪಳ ಕೇಳಿದ್ದ ತಡ, ಎಂದಿನಂಗ ಒಬ್ಬರ ಹಿಂದ ಒಬ್ಬರು ಕೆರಿಗೆ ಬೆನ್ನ ತಿರುವಿ ನಿಂತರು. ಹಾಂಗ ಮಾಡಬ್ಯಾಡ್ರಿ, ನಾ ಇದೀನಿ ಇಲ್ಲಿ, ನಾನು, ಅಂತ ಒದರಬೇಕನ್ನಿಸಿತು.

ನಡು ಕೆರಿಗೆ ಬಂದ ಮ್ಯಾಲ ಚಾಚಾ ಹುಟ್ಟು ಎತ್ತಿ ಒಳಗಿಟ್ರು. ತಂಪು ಗಾಳಿ ಬಂದು ನನ್ನ ಮಾರಿಗೆ ಹತ್ತಿತು. ಕ್ಷಮಾ ಮಾಡ್ರಿ ಚಾಚಾ ಅನ್ನಬೇಕಂತ ಬಾಯಿ ತೆಗದೆ, ಅವರು ನನ್ನ ಕಡೆ ನೋಡತಿರಲಿಲ್ಲ, ನನ್ನ ಕಾಲ ಬುಡ ನೋಡತಿದ್ರು. ನಾನೂ ತಲಿ ಬಗ್ಗಿಸಿ ನೋಡಿದೆ. ಎಲ್ಲಿಂದರೆ ಸ್ವಲ್ಪ ನೀರು ಬರಲಿ, ನನ್ನ ಕಾಲಿಗೆ ತಾಕಲಿ ಅಂತ ದಂಡಿಗೆ ವಾಪಸ ಬರೋತನ ಹಲಗಿ ಸಂದಿ ನೋಡಿಕೋತ ಕುಂತೆ. ಒಂದು ಹನಿ ಬರಲಿಲ್ಲ.